ಲಾಂಚ್ ಸಾಹುಕಾರನಿಗೆ

ಲೋ ಸಾಹುಕಾರ,

ಫೋನ್ ಮಾಡಬಹುದಿತ್ತು. ಆದರೆ ಫೋನಲ್ಲಿ ನೀನು "ಹ್ಞೂಂ, ಮತ್ತೆ?" ಅಂತೀಯ, ನಾನು "ಮಳೆ ಹೆಂಗೆ?" ಅಂತೀನಿ, ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ನಾಲ್ಕು ಜನರೆದುರು ಬರೀತಿದ್ದೇನೆ. ನಮ್ಮ ಬ್ಯಾಚಿನವರೂ ಓದಿಕೊಳ್ಳಲಿ. ಹಲಸಿನಕಾಯಿ ಪ್ರಕರಣ ಇಲ್ಲಿ ಎತ್ತಲ್ಲ, ಹೆದರಬೇಡ.

ನಿಮ್ಮಪ್ಪನ, ನಮ್ಮೆಲ್ಲರ ಮೇಷ್ಟ್ರ, ಶ್ರದ್ಧಾಂಜಲಿ ಸಭೆ ಚೆನ್ನಾಗಿಯೇ ಆಯಿತು. ಭಾಷಣಗಳು ಉದ್ದವಾದವು, ಅವರೇ ಇದ್ದಿದ್ದರೆ ಅರ್ಧಕ್ಕೇ ಬೆಲ್ ಹೊಡೆಸುತ್ತಿದ್ದರು. ಅದರಲ್ಲಿ ಒಬ್ಬರು ಅಂದರಲ್ಲ, "ಅವರು ಕ್ರಿಶ್ಚಿಯನ್ನರು ಅಂತ ನಮಗೆ ಒಂದು ದಿನವೂ ಅನ್ನಿಸಲಿಲ್ಲ, ಅಷ್ಟು ನಮ್ಮವರಾಗಿದ್ದರು" ಅಂತ. ಜೋರು ಚಪ್ಪಾಳೆ ಬಿತ್ತು. ಹೇಳಿದವರ ಮನಸ್ಸಲ್ಲಿ ಕಲ್ಮಶ ಇರಲಿಲ್ಲ, ನನಗೂ ಗೊತ್ತು. ಮುಂದಿನ ಸಾಲಿನಲ್ಲಿದ್ದ ನಿಮ್ಮಮ್ಮ ಸೆರಗು ಸರಿಮಾಡಿಕೊಂಡು ಸಣ್ಣಗೆ ತಲೆಯಾಡಿಸಿದರು. ಕೈಯಲ್ಲಿ ಜಪಸರ ಇತ್ತು.

ಆ ಮಾತು ಇನ್ನೂ ಗಂಟಲಿಂದ ಇಳಿದಿಲ್ಲ ಮಾರಾಯ. ಅನ್ನಿಸಲಿಲ್ಲ, ಸರಿ. ನೋಡಿದ್ದೆವಾ?

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಎದ್ದು ಹಿನ್ನೀರು ತುಂಬಿದಮೇಲೆ ತುಮರಿ ಕಡೆಯವರಿಗೆಲ್ಲ ಸಾಗರಕ್ಕೆ ಲಾಂಚೇ ಗತಿಯಾಯಿತಲ್ಲ. ಹಾಗಾಗಿ ನಮ್ಮೂರಿಗೆ ಬಂದ ಮೇಷ್ಟ್ರುಗಳು ಬಂದ ದಿನದಿಂದಲೇ ವರ್ಗಾವಣೆಗೆ ಓಡಾಡುತ್ತಿದ್ದರು. ನಿಮ್ಮಪ್ಪ ಮಾತ್ರ ಸಂಸಾರ ಸಮೇತ ಬಂದು ನಿಂತರು. ಭಾನುವಾರ ಬೆಳಗಾದರೆ ಇಸ್ತ್ರಿ ಅಂಗಿಯ ಮೇಷ್ಟ್ರು, ನಿಮ್ಮಮ್ಮ, ನೀನು, ನಿನ್ನ ತಂಗಿ ಲಾಂಚ್ ಹತ್ತುತ್ತಿದ್ದಿರಿ. ವಾರವಾರವೂ ಸಾಗರದಲ್ಲಿ ಮಸಾಲೆ ದೋಸೆ ಅಂತ ನಮಗೆ ಹೊಟ್ಟೆಕಿಚ್ಚು. ಹಿನ್ನೀರು ದಾಟಿ, ಬಸ್ಸು ಹಿಡಿದು, ಒಂದು ಗಂಟೆಯ ಪೂಜೆ ಮುಗಿಸಿ, ಮತ್ತೆ ಬಸ್ಸು, ಮತ್ತೆ ಲಾಂಚು. ಸೋಮವಾರ ಮೊದಲ ಪೀರಿಯಡ್ಡಿಗೆ ಅದೇ ಮನುಷ್ಯ ಭಾಮಿನಿ ಷಟ್ಪದಿ ಹಿಡಿದು ಹಾಜರ್.

ಆ ಪಾಠ ನೆನಪಿದೆಯಾ? ಸೀಮೆಸುಣ್ಣದಲ್ಲಿ ಮೇಜು ಕುಟ್ಟುತ್ತ "ಮೂರು ನಾಲ್ಕು, ಮೂರು ನಾಲ್ಕು" ಅಂತ ಹಾಡಿಸುವುದು. ನಾಲ್ಕು ಸಾಲಿಗೆ ಹದಿನಾಲ್ಕು ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ ಇಪ್ಪತ್ಮೂರು, ಒಟ್ಟು 102. ಒಂದು ಮಾತ್ರೆ ತಪ್ಪಿದರೂ ಮೊದಲಿಂದ ಶುರು. ಬಲಗೈ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದೇ ಜಾರುತ್ತಿತ್ತು. ಸಂಜೆ ನಿಮ್ಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆಯ ಹೊತ್ತಿಗೆ ಅದೇ ಹೆಬ್ಬೆರಳು ಮಣಿಗಳ ಮೇಲೆ. ನೀನು ಮಧ್ಯೆ ತೂಕಡಿಸಿದರೆ ಎಣಿಕೆ ನಿಲ್ಲಿಸದೆಯೇ ತೊಡೆಗೆ ಒಂದು ಚಿವುಟು.

ಇನ್ನು ಆ ಗಂಜಿ. ಎಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುವಾಗ ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ನಡುವೆ ಮೇಷ್ಟ್ರ ಬುತ್ತಿಯಲ್ಲಿ ಬರೀ ಗಂಜಿ. ಶುಕ್ರವಾರ ಅದೂ ಇಲ್ಲ. ಮೇಷ್ಟ್ರಿಗೆ ಅಲ್ಸರ್ ಅಂತ ಊರೆಲ್ಲ ತೀರ್ಮಾನಿಸಿತ್ತು. ನಮ್ಮಮ್ಮ ಕೊತ್ತಂಬರಿ ಜೀರಿಗೆ ಕಷಾಯ ಕಾಸಿ ತಂಬಿಗೆಯಲ್ಲಿ ಕಳಿಸುತ್ತಿದ್ದಳು. ಅವರು ನಿಂತಲ್ಲೇ ಕುಡಿದು, ತಂಬಿಗೆ ತೊಳೆದು, "ಅಮ್ಮನಿಗೆ ಹೇಳು, ಬಹಳ ಗುಣವಾಯ್ತು" ಅನ್ನುತ್ತಿದ್ದರು. ಅದು ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಅಂತ ಮೊನ್ನೆ ನಿನ್ನ ತಂಗಿ ಹೇಳಿದಳು. ನಮ್ಮ ಏಕಾದಶಿ, ಷಷ್ಠಿ, ಭೂಮಿ ಹುಣ್ಣಿಮೆ ಎಲ್ಲ ಅವರಿಗೆ ಬಾಯಿಪಾಠ. ನಿಮ್ಮದರಲ್ಲಿ ನಮಗೆ ಗೊತ್ತಿದ್ದದ್ದು ಕ್ರಿಸ್‌ಮಸ್ ಕೇಕು. ನೀನಾದರೂ ಬಾಯಿ ಬಿಡಬಾರದಿತ್ತಾ? ಬಿಟ್ಟಿದ್ದರೆ ಕಷಾಯ ನಿಲ್ಲುತ್ತಿತ್ತು ಅಂತ ಅವರೇ ತಡೆದಿರಬೇಕು.

ಇಷ್ಟೇ ಬರೆದು ನಿಲ್ಲಿಸುವವನಿದ್ದೆ.

ಹೋದ ವರ್ಷ ಅಮ್ಮ ಐಸಿಯುನಲ್ಲಿದ್ದಳಲ್ಲ. ರಾತ್ರಿ ಹೊರಗಿನ ಕುರ್ಚಿಯಲ್ಲಿ ಕೂತು ನಮ್ಮ ದೇವರ ಹೆಸರು ಹೇಳೋಣ ಅಂತ ಬಾಯಿ ತೆರೆದರೆ ಬಂದದ್ದು "ನಮಾನ್ ಮೊರಿಯೆ", ನಿಮ್ಮ ತೇರ್ಸಿನ ಕೊಂಕಣಿ ಪ್ರಾರ್ಥನೆ, ಮೇರಿ ಮಾತೆಯದು. ಅರ್ಥ ಪೂರ್ತಿ ಗೊತ್ತಿಲ್ಲ. ನಿಮ್ಮನೆ ಚಾಪೆಯ ಮೂಲೆಯಲ್ಲಿ ಕೂತು ಕಿವಿಗೆ ಬಿದ್ದದ್ದು ಅಷ್ಟೂ ಬಂತು, ಬೆಳಗಿನವರೆಗೂ, ಹೆಬ್ಬೆರಳಲ್ಲಿ ಎಣಿಸುತ್ತ. ಅಮ್ಮನಿಗಾಗಿಯಾ ಅಂದರೆ, ಪೂರ್ತಿ ಹಾಗೂ ಅಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತಂತೆ ಆಗುತ್ತಿತ್ತು. ನಿನ್ನ ತೊಡೆ ಚಿವುಟುತ್ತಿದ್ದರಲ್ಲ, ಆಗೆಲ್ಲ ನನ್ನದನ್ನೂ ಒಮ್ಮೆ ಚಿವುಟಲಿ ಅಂತ ಬೇಕಂತಲೇ ತೂಕಡಿಸುತ್ತಿದ್ದೆ ಕಣೋ. ಅವರು ಚಿವುಟಲಿಲ್ಲ, ದಿಂಬು ಕೊಟ್ಟರು. ಅತಿಥಿ ನೋಡು.

ಸರಿ, ಅತಿಯಾಯಿತು. ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿಲ್ಲ. ಅಮ್ಮ ಹುಷಾರಾದ ಕ್ರೆಡಿಟ್ಟು ಈಗಾಗಲೇ ಸಿಗಂದೂರು ಚೌಡೇಶ್ವರಿಗೆ ಹೋಗಿದೆ, ಹರಕೆಯೂ ತೀರಿದೆ. ಹೊಸ ಸೇತುವೆ ಮೇಲೆ ಎರಡೇ ನಿಮಿಷಕ್ಕೆ ದಾಟಿಬಿಟ್ಟದ್ದಕ್ಕೆ "ಲಾಂಚಿನ ಗಾಳಿಯೇ ಇಲ್ಲ" ಅಂತ ಗೊಣಗಿದಳು. ನೀನು ಇದಕ್ಕೆ ಲೈಕ್ ಒತ್ತಬೇಡ, ಒತ್ತಿದರೆ ಅವಳ ಫೋನಲ್ಲಿ ಕಾಣುತ್ತೆ. ಕೇಳಿದರೆ ನಾನು ಷಟ್ಪದಿ ಎಣಿಸ್ತಿದ್ದೆ ಅಂತೀನಿ.

ಅಂದ ಹಾಗೆ, ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ ನಿಮ್ಮಲ್ಲಿ ಹೊಸ ಅಕ್ಕಿಯ ಊಟ, ಅದೂ ಬರೀ ತರಕಾರಿಯಂತೆ. ಇಷ್ಟು ವರ್ಷ ಇದನ್ನೂ ಮುಚ್ಚಿಟ್ಟೆಯಲ್ಲ, ಕಳ್ಳ! ರಜೆ ಹಾಕಿದ್ದೇನೆ, ಕರೆಯುವ ಉಪಚಾರ ಬೇಡ. ಪಾಯಸ ಜಾಸ್ತಿ ಮಾಡಲು ನಿಮ್ಮಮ್ಮನಿಗೆ ಹೇಳು.

ನಿನ್ನ,
ಹಲಸಿನಕಾಯಿ