ಭಾನುವಾರ ಭೋಸರಿಯಲ್ಲಿ ವೆಲ್ಡಿಂಗ್ ಕೆಲಸ

ಪುಣೆಯ ಗೆಳೆಯರಿಗೆಲ್ಲ ನಮಸ್ಕಾರ. ಭಾನುವಾರ ಬೆಳಿಗ್ಗೆ 9ಕ್ಕೆ ಭೋಸರಿಯ ಗ್ಯಾರೇಜಿನಲ್ಲಿ ನನ್ನ 1967ರ ಫೋರ್ಡ್ ಮಸ್ಟಾಂಗ್ ಕಾರಿಗೆ ಸಬ್‌ಫ್ರೇಮ್ ಕನೆಕ್ಟರ್ (ಕಾರಿನಡಿ ಮುಂದಿನ, ಹಿಂದಿನ ಭಾಗಗಳನ್ನು ಜೋಡಿಸುವ ಉಕ್ಕಿನ ತೊಲೆ) ಹಾಕಿಸುತ್ತಿದ್ದೇನೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಡಿಯ ಅಡಿಯಲ್ಲಿರುವ ಮುಂದಿನ, ಹಿಂದಿನ ರೈಲುಗಳ (ಉದ್ದನೆಯ ಉಕ್ಕಿನ ತೊಲೆಗಳ) ನಡುವೆ ಬರೀ ತಗಡಿನ ಫ್ಲೋರ್. ಜೋರಾಗಿ ತಿರುಗಿಸಿದರೆ ಬಾಡಿಯೇ ತಿರುಚುತ್ತದೆ.

ಮುಖ್ಯ ವಿಷಯ: ವೆಲ್ಡ್ ಮಾಡುವಾಗ ಕಾರಿನ ಭಾರ ಚಕ್ರಗಳ ಮೇಲೇ ಇರಬೇಕು. ಸುಮ್ನೆ ಜ್ಯಾಕ್ ಕೊಟ್ಟು ಎತ್ತಿದರೆ ಬಾಗಿದ ಆಕಾರವೇ ಕಾಯಂ ಆಗುತ್ತದೆ. ಅದಕ್ಕೇ ಕಾರನ್ನು ಚಕ್ರಗಳ ಮೇಲೇ ನಿಲ್ಲಿಸಿ ಎತ್ತುವ ನಾಲ್ಕು ಕಂಬದ ಲಿಫ್ಟ್ ಇರುವ ಗ್ಯಾರೇಜ್ ಹುಡುಕಿದೆ.

ಬ್ಯಾಟರಿ, ಸೀಟು, ಕಾರ್ಪೆಟ್ ಶನಿವಾರವೇ ತೆಗೆಯಬೇಕು. ಇಬ್ಬರು ಕೈಜೋಡಿಸಿದರೆ ಸಾಕು. ಭಾನುವಾರ ಬರುವವರು ಹತ್ತಿ ಬಟ್ಟೆ, ಶೂ ಹಾಕಿಕೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಇದ್ದವರು ದಯವಿಟ್ಟು ತನ್ನಿ, ಪೆಟ್ರೋಲ್ ಪೈಪ್ ಹತ್ತಿರವೇ ಇದೆ.

ಯಾರು ಯಾವ ದಿನ ಬರುತ್ತೀರಿ, ಶುಕ್ರವಾರ ರಾತ್ರಿಯೊಳಗೆ ತಿಳಿಸಿ.