ಗುಂಪಿಗೆ ಸೂಚನೆ: ಟ್ಯಾಲಿಯಲ್ಲಿ ಎಡಿಟ್ ಲಾಗ್
ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಅಂಗಡಿಗಳ ಲೆಕ್ಕ ನೋಡುವವರ ಗಮನಕ್ಕೆ. ಟ್ಯಾಲಿ ಎಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್; ಅದರಲ್ಲಿ ಬರೆದದ್ದನ್ನು ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆಯೇ ಎಡಿಟ್ ಲಾಗ್.

ಪ್ರೈವೇಟ್ ಲಿಮಿಟೆಡ್ ಆದರೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕಡ್ಡಾಯ, ಅದನ್ನು ಆಫ್ ಮಾಡಲು ಬರಲೇಬಾರದು. ಮಾಮೂಲಿ ಟ್ಯಾಲಿ ಪ್ರೈಮ್‌ನಲ್ಲಿ ಎಫ್11 ಒತ್ತಿ ಆಫ್ ಮಾಡಬಹುದು. ಹಾಗಾಗಿ ಕಂಪನಿಗಳಿಗೆ 'ಎಡಿಟ್ ಲಾಗ್' ಆವೃತ್ತಿಯೇ ಬೇಕು. ಪಾಲುದಾರಿಕೆಗೆ, ಸ್ವಂತ ಅಂಗಡಿಗೆ ಈ ನಿಯಮ ಇಲ್ಲ. ಆದರೂ ಆನ್ ಇರಲಿ.

ನಿಜವಾದ ತೊಂದರೆ ಬೇರೆ. ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೂತರೆ ಲಾಗ್ ಇದ್ದೂ ಇಲ್ಲದ ಹಾಗೆ. ಅಡಿಕೆ ಬಿಲ್ಲಿನಲ್ಲಿ ಕಿಲೋಗೆ 410 ಇದ್ದದ್ದು 401 ಆಯಿತು ಎನ್ನಿ: ಹಳೆಯದು, ಹೊಸದು, ಹೊತ್ತು ಎಲ್ಲ ಕಾಣುತ್ತದೆ, ಮಾಡಿದ್ದು ಯಾರೆಂದು ಮಾತ್ರ ಗೊತ್ತಾಗದು. ಟ್ಯಾಲಿಯ 'ಕಂಪನಿ ಆಲ್ಟರ್' ಪರದೆಯಲ್ಲಿ ಯೂಸರ್ ಆಕ್ಸೆಸ್ 'ಯೆಸ್' ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಹೆಸರು, ಪಾಸ್‌ವರ್ಡ್ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಬೇಡಿ (ಅಂಟಿಸುವವರು ಇದ್ದಾರೆ!).

ಲಾಗ್‌ನಲ್ಲಿ ಹೊತ್ತು ಸರಿಯಾಗಿ ಬರಲು ಕಂಪ್ಯೂಟರ್ ಗಡಿಯಾರವೂ ಸರಿ ಇರಲಿ. ಹಳೆಯ ಬ್ಯಾಕಪ್ಪನ್ನು ಈಗಿನ ಡೇಟಾದ ಮೇಲೆ ರಿಸ್ಟೋರ್ ಮಾಡಿದರೆ ನಡುವಿನ ಲಾಗ್ ಪೂರ್ತಿ ಹೋಗುತ್ತದೆ. ಬೇರೆ ಫೋಲ್ಡರಿಗೆ ಹಾಕಿ ನೋಡಿ. ಕಂಪನಿಗಳು ಲೆಕ್ಕಪುಸ್ತಕದ ಜತೆ ಈ ಲಾಗನ್ನೂ 8 ವರ್ಷ ಇಡಬೇಕು.