ಅಪ್ಪನ ಪಿಟೀಲು ಯಾರಿಗೂ ಕೊಡಬೇಡ

ಸ್ಯಾನ್ ಫ್ರಾನ್ಸಿಸ್ಕೊ
8 ಮಾರ್ಚ್ 2016

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಗುರುವಾರ ಸಿಕ್ಕಿತು.

ಪಿಟೀಲನ್ನು ರಘು ಮಗಳಿಗೆ ಕೊಟ್ಟುಬಿಡು ಅಂದರಂತಲ್ಲ ಅಪ್ಪ, ಅದನ್ನು ಓದಿ ಆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೈಪಾಸ್ ಆಗಿ ಎಂಟು ತಿಂಗಳಾಯಿತು. ನುಡಿಸಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ಆದರೂ ಎದೆಗೆ ಆನಿಸಿಕೊಳ್ಳಲು ಅವರಿಗೆ ಭಯ, ಅಲ್ವಾ? ಪಿಟೀಲಿನ ಬುಡ ತಾಗುವುದು ಆ ಹೊಲಿಗೆಯ ಪಕ್ಕಕ್ಕೇ.

ಅದೇ ಚಿಂತೆಯಲ್ಲಿ ಶನಿವಾರ ಒಂದು ಸಂಗೀತ ಕಚೇರಿಗೆ ಹೋಗಿದ್ದೆ. ಒಬ್ಬಳೇ ಅಲ್ಲ, ರೂಮಿನ ಗೆಳತಿಯೂ ಇದ್ದಳು. ಮಿಷನ್ ರಸ್ತೆಯ ಗ್ರೇ ಏರಿಯಾ ಅನ್ನುವ ಸಭಾಂಗಣ, ಹಿಂದೆ ಅದು ಸಿನಿಮಾ ಟಾಕೀಸು. ನುಡಿಸಿದವರು ಸುಜಾನ್ ಚಿಯಾನಿ. ಬರುವ ಜೂನ್‌ಗೆ 70 ತುಂಬುತ್ತದೆ, ಅಪ್ಪನಿಗಿಂತ ಎರಡು ವರ್ಷ ದೊಡ್ಡವರು.

ಅವರ ವಾದ್ಯ ಬುಕ್ಲಾ ಸಿಂಥಸೈಜರ್, ಕರೆಂಟಿನಿಂದ ನಾದ ಹುಟ್ಟಿಸುವ ಯಂತ್ರ. ತಂತಿ ಇಲ್ಲ, ಹಾರ್ಮೋನಿಯಂ ಥರ ಕರಿ ಬಿಳಿ ಮನೆಗಳೂ ಇಲ್ಲ. ಪೆಟ್ಟಿಗೆ ತುಂಬ ತಿರುಗಿಸುವ ಗುಂಡಿ, ಬಣ್ಣಬಣ್ಣದ ವೈರು. ವೈರನ್ನು ಎಲ್ಲಿಂದ ಎಲ್ಲಿಗೆ ಸಿಕ್ಕಿಸುತ್ತಾರೋ ಹಾಗೆ ನಾದ ಬದಲಾಗುತ್ತದೆ. ಇಲ್ಲಿಯವರು ಅದನ್ನೂ ನಾವು ಮೃದಂಗದ ತನಿ ಆವರ್ತನ ಕೇಳುವಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ ಅಮ್ಮಾ. ನಾಲ್ಕು ಮೂಲೆಯಲ್ಲಿ ಸ್ಪೀಕರ್. ನಾದ ಬೆನ್ನ ಹಿಂದೆ ಹುಟ್ಟಿ, ತಲೆ ಸುತ್ತ ತಿರುಗಿ, ಅಲೆಯ ಹಾಗೆ ಮುಂದೆ ಬರುತ್ತದೆ.

1970ರ ದಶಕದಲ್ಲಿ ಇದೇ ಬುಕ್ಲಾ ನುಡಿಸುತ್ತಿದ್ದವರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಜಾಹೀರಾತಿನ ಕೆಲಸ. ಕೋಕಾ ಕೋಲಾ ಬಾಟಲಿ ಬಿಚ್ಚಿ ಸುರಿಯುವ ಆ ಸದ್ದು ಇವರು ಸಿಂಥಸೈಜರ್‌ನಲ್ಲಿ ಮಾಡಿದ್ದು. 1990ರ ದಶಕದ ಶುರುವಿನಲ್ಲಿ ಸ್ತನ ಕ್ಯಾನ್ಸರ್ ಆಯಿತು. ನ್ಯೂಯಾರ್ಕ್ ಬಿಟ್ಟು ಇಲ್ಲಿಗೆ ಹತ್ತಿರದ ಬೊಲಿನಾಸ್ ಅನ್ನುವ ಸಮುದ್ರದ ಊರಿಗೆ ಬಂದರು. ಪಿಯಾನೋ ನುಡಿಸಿಕೊಂಡು ಇದ್ದರು. ಬುಕ್ಲಾ ಜೊತೆ ಒಬ್ಬರೇ ವೇದಿಕೆಗೆ ಬಂದದ್ದು ಸುಮಾರು 40 ವರ್ಷದ ಮೇಲೆ, ಮೊನ್ನೆ.

ಒಂದು ಸಲ ವೈರು ಕಿತ್ತು ಕೈಯಲ್ಲೇ ಹಿಡಿದುಕೊಂಡರು. ಸುಮ್ನೆ ಕೇಳಿದರು. ಆಮೇಲೆ ಇನ್ನೊಂದು ಕಡೆ ಸಿಕ್ಕಿಸಿದರು. ಬಿರಡೆ ತಿರುಗಿಸುವ ಮುಂಚೆ ಅಪ್ಪ ತಲೆ ವಾಲಿಸಿ ಕೇಳುತ್ತಾರಲ್ಲ, ಥೇಟ್ ಹಾಗೇ. ನನಗೆ ಅಳು ಬಂದುಬಿಟ್ಟಿತು.

ಪಿಟೀಲು ಕೊಡಬೇಡ ಅಮ್ಮಾ. ಬಲವಂತವೂ ಬೇಡ. ಬೀರುವಿನಿಂದ ತೆಗೆದು ಅವರ ಮಂಚದ ಪಕ್ಕ ಇಡು. ಬೆಳಿಗ್ಗೆ ಶ್ರುತಿಪೆಟ್ಟಿಗೆ ಹಾಕಿ ನೀನು ಅಡುಗೆಮನೆಗೆ ಹೋಗಿಬಿಡು, ಏನೂ ಹೇಳಬೇಡ. ತಂತಿ ಹಳೆಯದಾಗಿದ್ದರೆ ಹೊಸದು ಹಾಕಿಸು, ದುಡ್ಡು ಕಳಿಸುತ್ತೇನೆ. ರಘು ಮಗಳಿಗೆ ಬೇರೆ ಪಿಟೀಲು ನಾನು ಕೊಡಿಸುತ್ತೇನೆ.

ನನ್ನ ಬಗ್ಗೆ ಚಿಂತೆ ಬೇಡ. ಕೆಮ್ಮು ಪೂರ್ತಿ ಹೋಗಿದೆ. ಊಟ ಸರಿಯಾಗಿ ಮಾಡುತ್ತೇನೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ನಿದ್ದೆಯೂ ಬರುತ್ತಿದೆ. ನಿಜವಾಗಿ ಚೆನ್ನಾಗಿದ್ದೇನೆ.

ಬಸ್ಸಿಗೆ ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ಅಪ್ಪನ ಕೈಗೇ ಕೊಡು.

ನಿನ್ನ,
ಸುಮಾ